ಹದಿಮೂರು ರಾತ್ರಿ: ಚುಕ್ಕಿ ಮನೆಗೆ ಬಂದ ಬಗೆ

ಚುಕ್ಕಿ ಮನೆಗೆ ಬಂದು ಇವತ್ತಿಗೆ ಒಂಬತ್ತು ದಿನ. ಇದನ್ನು ಬರೆಯುವಾಗ ಅವಳು ನನ್ನ ಮೇಜಿನ ಕೆಳಗೆ ಮಲಗಿದ್ದಾಳೆ. ಆಗಾಗ ಬಗ್ಗಿ ನೋಡುತ್ತೇನೆ. ಇದ್ದಾಳೆ. ನಾಯಿ ಕಳೆದುಹೋದ ಮೊದಲ ರಾತ್ರಿ ನಾನು ಮಾಡಿದ್ದರಲ್ಲಿ ಮುಕ್ಕಾಲು ಪಾಲು ತಪ್ಪೇ. ಈಗ ಯಾರಾದರೂ ಅದೇ ಸ್ಥಿತಿಯಲ್ಲಿ ಫೋನ್ ಹಿಡಿದು ಕೂತಿದ್ದರೆ, ಅವರಿಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಚುಕ್ಕಿಗೆ ಸುಮಾರು ಮೂರು ವರ್ಷ. ಐದು ತಿಂಗಳ ಹಿಂದೆ ಆಶ್ರಯ ಕೇಂದ್ರದಿಂದ ತಂದೆವು. ಕಂದು ಮೈ, ಎದೆಯ ಮೇಲೊಂದು ಬಿಳಿ ಮಚ್ಚೆ. ತುಂಬಾ ಪುಕ್ಕಲು. ಹೊಸಬರು ಬಂದರೆ ಅಪ್ಪನ ಕುರ್ಚಿಯ ಹಿಂದೆ ಹೋಗಿ ಕೂರುತ್ತಾಳೆ. ಆ ಸಂಜೆ ಗುಡುಗುತ್ತಿತ್ತು. ಯಾರೋ ಬಾಗಿಲು ಬಡಿದರು, ಅಪ್ಪ ತೆರೆದರು. ಅದೇ ಹೊತ್ತಿಗೆ ಹತ್ತಿರದಲ್ಲೇ ಸಿಡಿಲು ಬಡಿಯಿತು. ಚುಕ್ಕಿ ಅಪ್ಪನ ಕಾಲ ಸಂದಿಯಲ್ಲಿ ನುಗ್ಗಿದಳು. ಅಪ್ಪ ಕೊರಳಪಟ್ಟಿ ಹಿಡಿದರು. ಪಟ್ಟಿ ಕೈಯಲ್ಲೇ ಉಳಿಯಿತು, ನಾಯಿ ಹೋಯಿತು. ನಮ್ಮ ಫೋನ್ ನಂಬರ್ ಕೆತ್ತಿದ ಬಿಲ್ಲೆಯೂ ಆ ಪಟ್ಟಿಯಲ್ಲೇ ಇತ್ತು.

ನಾವು ಓಡಿದೆವು. ನಾನು, ನನ್ನ ತಮ್ಮ, ಪಕ್ಕದ ಮನೆಯವರು, ಅವರ ಮಕ್ಕಳು. ಎಲ್ಲರೂ ಟಾರ್ಚ್ ಹಿಡಿದು ಅವಳ ಹೆಸರು ಕೂಗುತ್ತಾ ಹೋದೆವು. ಎರಡು ಸಲ ಕಣ್ಣಿಗೆ ಬಿದ್ದಳು. ಎರಡು ಸಲವೂ ನಮ್ಮನ್ನು ನೋಡಿ ಇನ್ನೂ ಜೋರಾಗಿ ಓಡಿದಳು. ನನ್ನನ್ನೇ ನೋಡಿ ಓಡಿದಳಲ್ಲ ಎಂಬ ನೋವಿನಲ್ಲಿ ರಾತ್ರಿ ಎರಡು ಗಂಟೆಯವರೆಗೆ ತಿರುಗಿದೆ. ಮನೆಗೆ ಬಂದಾಗ ಅಪ್ಪ ಆ ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಊಟ ಮಾಡಿರಲಿಲ್ಲ.

ಮರುದಿನ ಬೆಳಗ್ಗೆ ಮೊದಲು ನೆನಪಾದದ್ದು ಮೈಕ್ರೋಚಿಪ್. ಚಿಪ್ ಇದೆ, ಇನ್ನೇನು ಸಿಕ್ಕಿಬಿಡುತ್ತಾಳೆ ಅಂದುಕೊಂಡೆ. ಈ ತಪ್ಪು ಕಲ್ಪನೆ ತುಂಬಾ ಜನರಿಗಿದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಚಿಪ್ ಅಕ್ಕಿಕಾಳಿನಷ್ಟು ದೊಡ್ಡದು. ಭುಜಗಳ ನಡುವೆ ಚರ್ಮದ ಕೆಳಗೆ ಹಾಕಿರುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ. ನಾಯಿ ಎಲ್ಲಿದೆ ಎಂದು ಅದು ಹೇಳುವುದಿಲ್ಲ. ಯಾರಾದರೂ ನಾಯಿಯನ್ನು ಹಿಡಿದು, ಸ್ಕ್ಯಾನರ್ ಹತ್ತಿರ ಹಿಡಿದಾಗ ಒಂದು ಸಂಖ್ಯೆ ಕಾಣುತ್ತದೆ, ಅಷ್ಟೇ. ಅಂತರರಾಷ್ಟ್ರೀಯ ಮಾನದಂಡದ ಚಿಪ್ಪಿನಲ್ಲಿ ಆ ಸಂಖ್ಯೆಗೆ 15 ಅಂಕಿ. ಆ ಸಂಖ್ಯೆಯ ಎದುರು ಯಾರ ಹೆಸರು, ಯಾವ ಫೋನ್ ನಂಬರ್ ದಾಖಲಾಗಿದೆ ಎನ್ನುವುದರ ಮೇಲೆಯೇ ಉಳಿದದ್ದೆಲ್ಲ ನಿಂತಿದೆ.

ನಮ್ಮ ಚುಕ್ಕಿಯ ಸಂಖ್ಯೆಯ ಎದುರು ನಮ್ಮ ಹೆಸರೇ ಇರಲಿಲ್ಲ. ಅವಳನ್ನು ಮೊದಲು ಸಾಕಿದ್ದವರ ಹೆಸರಿತ್ತು, ಅವರ ಫೋನ್ ಚಾಲ್ತಿಯಲ್ಲಿರಲಿಲ್ಲ. ದತ್ತು ಪಡೆದ ದಿನ ಕೊಟ್ಟ ಕಾಗದಗಳಲ್ಲಿ ಹೆಸರು ಬದಲಾಯಿಸುವ ಅರ್ಜಿಯೂ ಇತ್ತು. ಆಮೇಲೆ ತುಂಬಿದರಾಯಿತು ಎಂದು ಫೈಲಿನಲ್ಲಿಟ್ಟು ಮರೆತಿದ್ದೆ. ಈಗ ಬದಲಾಯಿಸಬೇಕೆಂದರೆ ಚಿಪ್ ದಾಖಲೆ ಇಡುವವರು ದತ್ತು ಪತ್ರ, ನನ್ನ ಗುರುತಿನ ಚೀಟಿ, ಲಸಿಕೆ ಪುಸ್ತಕದ ಪ್ರತಿ, ಹಿಂದಿನ ಮಾಲೀಕರ ಒಪ್ಪಿಗೆ ಕೇಳಿದರು. ಆ ಒಪ್ಪಿಗೆ ಎಲ್ಲಿಂದ ತರುವುದು? ಕೊನೆಗೆ ಆಶ್ರಯ ಕೇಂದ್ರದಿಂದ ಒಂದು ಪತ್ರ ತಂದರೆ ಸಾಕು ಎಂದರು. ಆ ಪತ್ರಕ್ಕೆ ಸಹಿ ಹಾಕುವವರು ರಜೆಯಲ್ಲಿದ್ದರು. ದಯವಿಟ್ಟು, ಇದನ್ನು ಓದುತ್ತಿರುವ ಹೊತ್ತಿಗೆ ನಿಮ್ಮ ನಾಯಿ, ಬೆಕ್ಕು ಮನೆಯಲ್ಲೇ ಇದ್ದರೆ, ಚಿಪ್ ದಾಖಲೆಯಲ್ಲಿ ಯಾವ ನಂಬರ್ ಇದೆ ಎಂದು ಇವತ್ತೇ ನೋಡಿ.

ಅವತ್ತು ಸಂಜೆ ಒಂದು ಫೋನ್ ಬಂತು. ಕಳೆದುಹೋದ ಸಾಕುಪ್ರಾಣಿಗಳನ್ನು ಹುಡುಕಲು ನೆರವಾಗುವ ಸ್ವಯಂಸೇವಕರ ಗುಂಪಿನವರು. ಪಕ್ಕದ ಮನೆಯವರು ಅವರಿಗೆ ವಿಷಯ ತಿಳಿಸಿದ್ದರಂತೆ. ಮಾತಾಡಿದ್ದು ನಿವೃತ್ತ ಶಿಕ್ಷಕಿ. ಆಮೇಲೆ ಹನ್ನೆರಡು ದಿನ ನಾನು ಅವರನ್ನು ಅಕ್ಕ ಎಂದೇ ಕರೆದೆ. ನಾಯಿ ಯಾವ ಜಾತಿ ಎಂದು ಅವರು ಮೊದಲು ಕೇಳಲಿಲ್ಲ.

"ಈಗ ಎಷ್ಟು ಜನ ಹುಡುಕ್ತಾ ಇದ್ದೀರಮ್ಮಾ?"

"ಹನ್ನೊಂದು ಜನ ಅಕ್ಕ."

"ಎಲ್ಲರನ್ನೂ ಮನೆಗೆ ಕಳಿಸು. ಈಗಲೇ."

ನನಗೆ ಸಿಟ್ಟು ಬಂತು. ನಾಯಿ ಬೀದಿಯಲ್ಲಿದೆ, ಇವರು ಹುಡುಕಬೇಡಿ ಅನ್ನುತ್ತಾರಲ್ಲ ಎಂದು. ಅವರು ತಾಳ್ಮೆಯಿಂದ ವಿವರಿಸಿದರು. ಹೆದರಿ ಓಡಿದ ನಾಯಿ ಒಂದೆರಡು ದಿನದಲ್ಲೇ ಜೀವ ಉಳಿಸಿಕೊಳ್ಳುವುದೊಂದನ್ನೇ ನೋಡುತ್ತದೆ. ಅದಕ್ಕೆ ಕೂಗು ಎಂದರೆ ಬೆನ್ನಟ್ಟುವುದು. ಸಾಕಿದವರ ದನಿಯೇ ಆದರೂ, ಹಿಂದೆ ಹತ್ತು ಜನ ಓಡಿ ಬರುತ್ತಿದ್ದರೆ ಅದು ನಿಲ್ಲುವುದಿಲ್ಲ. ಪ್ರತಿ ಸಲ ಅಟ್ಟಿದಾಗಲೂ ಇನ್ನಷ್ಟು ದೂರ ಹೋಗುತ್ತದೆ, ಹೊಸ ರಸ್ತೆ ದಾಟುತ್ತದೆ. "ಅವಳು ನಿನ್ನನ್ನ ಮರೆತಿಲ್ಲ. ಹೆದರಿದಾಳೆ, ಅಷ್ಟೇ. ನಾವು ಹಿಂದೆ ಹೋಗೋದು ಬೇಡ. ಅವಳು ನಿಲ್ಲೋ ಜಾಗ ಯಾವುದು ಅಂತ ಕಂಡುಹಿಡಿಯೋಣ." ಹಿಂದಿನ ರಾತ್ರಿಯಿಂದ ಎದೆಯಲ್ಲಿ ಕೂತಿದ್ದ ಕಲ್ಲು ಆ ಮಾತಿಗೆ ಸ್ವಲ್ಪ ಸರಿಯಿತು.

ಎರಡನೇ ದಿನ ಪೋಸ್ಟರ್ ಕೆಲಸ. ನಾನು ಅಷ್ಟರಲ್ಲೇ ಕಾಗದದ ತುಂಬಾ ಅಕ್ಷರ ತುಂಬಿದ್ದ ಒಂದನ್ನು ಮಾಡಿದ್ದೆ. ಅಕ್ಕ ಅದನ್ನು ಪಕ್ಕಕ್ಕಿಟ್ಟರು. ವಾಹನದಲ್ಲಿ ಹೋಗುವವರ ಕಣ್ಣು ಪೋಸ್ಟರ್ ಮೇಲೆ ನಿಲ್ಲುವುದು ಐದು ಸೆಕೆಂಡ್, ಆ ಐದು ಸೆಕೆಂಡಿನಲ್ಲಿ ಓದಲಾಗುವುದು ಕೆಲವೇ ಪದ. ಹಾಗಾಗಿ ಕಣ್ಣಿಗೆ ಹೊಡೆಯುವ ಬಣ್ಣದ ದೊಡ್ಡ ರಟ್ಟು, ಒಂದೇ ಫೋಟೋ, ಒಂದೇ ನಂಬರ್. ಬರೆದದ್ದು ಇಷ್ಟೇ: ಕಂದು ನಾಯಿ ಕಳೆದಿದೆ. ಅಟ್ಟಬೇಡಿ. ಕೂಗಬೇಡಿ. ಫೋನ್ ಮಾಡಿ. ಬಹುಮಾನದ ಮೊತ್ತ ಹಾಕೋಣ ಎಂದು ತಮ್ಮ ಹೇಳಿದ. ಅಕ್ಕ ಬೇಡ ಎಂದರು. ದುಡ್ಡಿನ ಆಸೆಗೆ ನಾಲ್ಕು ಜನ ಅವಳನ್ನು ಹಿಡಿಯಲು ಓಡಿದರೆ ಕೆಟ್ಟಿತು. ಅಪ್ಪನ ಅಕ್ಷರ ಚೆನ್ನಾಗಿದೆ. ಇಪ್ಪತ್ತೆಂಟು ರಟ್ಟುಗಳನ್ನೂ ಅವರೇ ದಪ್ಪ ಮಾರ್ಕರ್‌ನಲ್ಲಿ ಬರೆದರು. ಎರಡು ದಿನದಲ್ಲಿ ಅವರು ಮೊದಲ ಸಲ ತಲೆಯೆತ್ತಿ ಮಾತಾಡಿದ್ದು ಆವಾಗ.

ಒಂದು ಗುರುತನ್ನು ಮಾತ್ರ ಎಲ್ಲೂ ಹೇಳಬೇಡಿ ಎಂದರು ಅಕ್ಕ. ಚುಕ್ಕಿಯ ಎಡಗಿವಿಯ ಒಳಗೆ ಒಂದು ಕಪ್ಪು ಮಚ್ಚೆ ಇದೆ. ಅದನ್ನು ಪೋಸ್ಟರಿನಲ್ಲಿ ಹಾಕಲಿಲ್ಲ. ಯಾಕೆಂದು ಮೂರನೇ ದಿನ ಗೊತ್ತಾಯಿತು. ಒಬ್ಬ ಫೋನ್ ಮಾಡಿ ನಿಮ್ಮ ನಾಯಿ ನನ್ನ ಹತ್ತಿರ ಇದೆ, ಮೊದಲು ಹಣ ಕಳಿಸಿ ಎಂದ. ನನ್ನ ಕೈ ನಡುಗುತ್ತಿತ್ತು, ಕಳಿಸಿಯೇ ಬಿಡುತ್ತಿದ್ದೆ. ಎಡಗಿವಿಯಲ್ಲಿ ಏನಿದೆ ಎಂದು ಕೇಳಿದೆ. ಫೋನ್ ಇಟ್ಟುಬಿಟ್ಟ. ಇನ್ನೊಬ್ಬರು, ನೀವೇ ಮಾಲೀಕರು ಎಂದು ಖಾತ್ರಿಯಾಗಲು ನಿಮಗೊಂದು ಆರಂಕಿ ಕೋಡ್ ಬರುತ್ತದೆ, ಅದನ್ನು ಓದಿ ಹೇಳಿ ಎಂದರು. ಅದೂ ಮೋಸ. ಆ ಕೋಡ್ ಹೇಳಿದರೆ ನಿಮ್ಮ ನಂಬರಿನಲ್ಲಿ ಬೇರೆ ಯಾರೋ ಖಾತೆ ತೆರೆಯುತ್ತಾರೆ. ಕಂಗೆಟ್ಟವರನ್ನೇ ಹುಡುಕಿ ಫೋನ್ ಮಾಡುವವರಿದ್ದಾರೆ. ನಾಯಿಯ ಈಗಿನ ಫೋಟೋ ಕಳಿಸಿ ಎನ್ನಿ, ಗುಟ್ಟಿನ ಗುರುತು ಕೇಳಿ. ಹಣವನ್ನಾಗಲಿ ಕೋಡನ್ನಾಗಲಿ ಕೊಡಬೇಡಿ.

ನಾಲ್ಕನೇ ದಿನ ಒಂದು ಆಶ್ರಯ ಕೇಂದ್ರದಲ್ಲಿ ಕಂದು ನಾಯಿ ಬಂದಿದೆ ಎಂದು ಸುದ್ದಿ. ಇದು ಬೇರೆ ಕೇಂದ್ರ. ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ, ಹೋಗಿ ಕಣ್ಣಾರೆ ನೋಡಿ ಎಂದು ಅಕ್ಕ ಒತ್ತಿ ಹೇಳಿದ್ದರು. ಜಾತಿ, ಬಣ್ಣ, ವಯಸ್ಸು ಎಲ್ಲವನ್ನೂ ಒಬ್ಬೊಬ್ಬರು ಒಂದೊಂದು ರೀತಿ ಬರೆದುಕೊಳ್ಳುತ್ತಾರೆ. ದತ್ತು ಪತ್ರ, ಲಸಿಕೆ ಪುಸ್ತಕ, ಚಿಪ್ ಚೀಟಿ, ನನ್ನ ಜೊತೆ ಅವಳಿರುವ ಹಳೆಯ ಫೋಟೋಗಳು, ಎಲ್ಲ ಒಂದೇ ಫೈಲಿನಲ್ಲಿ ಹಾಕಿಕೊಂಡು ಹೋದೆ. ಮೂರು ಗಂಟೆ ಬೆಂಚಿನ ಮೇಲೆ ಕಾದೆ. ಒಳಗೆ ಹೋದಾಗ ಕಂದು ನಾಯಿ ಮೂಲೆಯಲ್ಲಿ ಮುದುಡಿ ಕೂತಿತ್ತು. ನನ್ನ ನೋಡಿ ಬಾಲ ಅಲ್ಲಾಡಿಸಿತು. ಅವಳಲ್ಲ. ಆಚೆ ಬಂದು ತುಂಬಾ ಅತ್ತೆ. ನನ್ನ ನಾಯಿ ಸಿಗಲಿಲ್ಲ ಎಂದಷ್ಟೇ ಅಲ್ಲ, ಆ ನಾಯಿಯನ್ನು ಹುಡುಕಿಕೊಂಡು ಯಾರೂ ಬಂದಿಲ್ಲವಲ್ಲ ಎಂದೂ ಅಳು ಬಂತು. ಅಕ್ಕ ಅದರ ಫೋಟೋ ತೆಗೆದುಕೊಂಡರು. ಕಳೆದಿದೆ ಎಂದು ಬಂದ ಹಳೆಯ ದೂರುಗಳ ಜೊತೆ ಹೋಲಿಸಿ ನೋಡುತ್ತಾ ರಾತ್ರಿ ಕೂತರಂತೆ. ಎರಡು ದಿನದ ಮೇಲೆ ಅದರ ಮನೆಯವರು ಸಿಕ್ಕಿದರು. ಅದು ಕಳೆದು ಏಳು ವಾರ ಆಗಿತ್ತು.

ಚುಕ್ಕಿಯನ್ನು ಕಂಡೆವು ಎಂದು ಬಂದ ಫೋನ್‌ಗಳನ್ನೆಲ್ಲ ನಾವು ನಕ್ಷೆಯ ಮೇಲೆ ಗುರುತು ಹಾಕುತ್ತಿದ್ದೆವು. ದಿನ, ಗಂಟೆ, ಯಾವ ಕಡೆಗೆ ಹೋಗುತ್ತಿದ್ದಳು. ಫೋನ್ ತೆಗೆಯುವವರು ಒಬ್ಬರೇ ಇರಬೇಕು ಎಂಬುದು ಅಕ್ಕನ ನಿಯಮ. ಮೂವರು ತೆಗೆದರೆ ಮೂರು ಕಥೆ ಆಗುತ್ತದೆ. ಕೆಲವು ಗುರುತುಗಳು ತಪ್ಪು ಎಂದು ನಂತರ ತಿಳಿಯಿತು. ಆದರೂ ಐದನೇ ದಿನದ ಹೊತ್ತಿಗೆ ಒಂದು ದಾರಿ ಕಾಣಿಸತೊಡಗಿತ್ತು. ಆವಾಗಲೇ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಅವಳನ್ನು ಹಿಡಿಯಲು ಬೈಕಿನಲ್ಲಿ ಹಿಂಬಾಲಿಸಿದರು. ಅವಳು ರೈಲು ಹಳಿ ದಾಟಿ ಹೋದಳು. ಆಮೇಲೆ ಎರಡೂವರೆ ದಿನ ಒಂದೇ ಒಂದು ಫೋನ್ ಇಲ್ಲ.

ಆ ಎರಡೂವರೆ ದಿನದ ಬಗ್ಗೆ ಹೇಳಲೇಬೇಕು. ಹೊರಗಿನ ಓಟಕ್ಕಿಂತ ಅದೇ ಕಷ್ಟ. ಫೋನ್ ಚಾರ್ಜ್ ಇದೆಯಾ ಎಂದು ಗಂಟೆಗೆ ನಾಲ್ಕು ಸಲ ನೋಡುತ್ತಿದ್ದೆ. ಮಳೆ ಬಂದರೆ ಕಿಟಕಿ ಹತ್ತಿರ ಹೋಗಿ ನಿಲ್ಲುತ್ತಿದ್ದೆ. "ನಾಯಿ ತಾನೇ, ಇನ್ನೊಂದು ತಂದರಾಯ್ತು" ಎಂದು ಒಬ್ಬರು ಅಪ್ಪನೆದುರೇ ಹೇಳಿದರು. ಅಪ್ಪ ಎದ್ದು ಒಳಗೆ ಹೋದರು. ಅವತ್ತು ರಾತ್ರಿ "ಬಾಗಿಲು ತೆರೆದದ್ದು ನಾನು" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿ ಕೂತೆ.

ಅಕ್ಕ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದರು. ಸುದ್ದಿ ಇಲ್ಲದಿದ್ದರೂ ಮಾಡುತ್ತಿದ್ದರು. ಆಸೆ ಬಿಡಬಾರದು ಎಂದು ಸುಮ್ನೆ ಹೇಳುವವರಲ್ಲ. ಲೆಕ್ಕ ಕೊಡುತ್ತಿದ್ದರು. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ವಿಚಾರಿಸಿದ ಒಂದು ಸಮೀಕ್ಷೆ 2012ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಕಳೆದುಹೋದ ನಾಯಿಗಳಲ್ಲಿ ಶೇ. 93ರಷ್ಟು ಮರಳಿ ಸಿಕ್ಕಿದ್ದವು. ಚಿಪ್ ವಿಷಯದಲ್ಲಿ 2009ರ ಇನ್ನೊಂದು ಅಧ್ಯಯನ ಇದೆ. ಅಲ್ಲಿನ ಆಶ್ರಯ ಕೇಂದ್ರಗಳಿಗೆ ಬಂದ ಬೀದಿಪಾಲಾದ ನಾಯಿಗಳಲ್ಲಿ ಒಟ್ಟಾರೆ ಶೇ. 22ರಷ್ಟು ಮನೆ ಸೇರಿದರೆ, ಚಿಪ್ ಇದ್ದ ನಾಯಿಗಳಲ್ಲಿ ಶೇ. 52ರಷ್ಟು ಸೇರಿದವು. ಚಿಪ್ ಇದ್ದೂ ಮನೆಯವರು ಸಿಗದೇ ಹೋದಾಗ, ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಕಡೆ ಫೋನ್ ನಂಬರ್ ತಪ್ಪಾಗಿತ್ತು, ಇಲ್ಲವೇ ನಿಂತುಹೋಗಿತ್ತು. ಇದನ್ನು ಕೇಳಿದ ಮರುದಿನವೇ ಮತ್ತೆ ಹೋಗಿ ಆಶ್ರಯ ಕೇಂದ್ರದ ಆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬಂದೆ.

ಬೆಕ್ಕು ಕಳೆದುಕೊಂಡವರಿಗೆ ಇಲ್ಲೊಂದು ಮಾತು. ಅದೇ ವಾರ ಆ ಗುಂಪಿನವರು ಒಂದು ಬೆಕ್ಕನ್ನೂ ಹುಡುಕುತ್ತಿದ್ದರು. ಬೆಕ್ಕಿನ ರೀತಿಯೇ ಬೇರೆ. ಮನೆಯೊಳಗೇ ಬೆಳೆದ ಬೆಕ್ಕು ಹೊರಗೆ ಬಿದ್ದರೆ ಹೆಚ್ಚಾಗಿ ದೂರ ಹೋಗುವುದಿಲ್ಲ, ಹತ್ತಿರದಲ್ಲೇ ಅಡಗಿ, ಕರೆದರೂ ಉಸಿರೆತ್ತದೆ ಕೂರುತ್ತದೆ. ಕಳೆದುಹೋದ 1,210 ಬೆಕ್ಕುಗಳ ಮೇಲೆ 2018ರಲ್ಲಿ ಬಂದ ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು 500 ಮೀಟರ್ ಒಳಗೇ ಸಿಕ್ಕಿದ್ದವು. ಅಕ್ಕಪಕ್ಕದವರಿಗೆ "ನಮ್ಮ ಬೆಕ್ಕು ಕಂಡರೆ ಹೇಳಿ" ಎಂದರೆ ಸಾಲದು. ಅವರ ಅಪ್ಪಣೆ ಕೇಳಿ, ನೀವೇ ಟಾರ್ಚ್ ಹಿಡಿದು ಮೆಟ್ಟಿಲ ಕೆಳಗೆ, ಶೆಡ್ಡಿನೊಳಗೆ, ಸಾಮಾನಿನ ಸಂದಿಯಲ್ಲಿ ನೋಡಬೇಕು. ಆ ಬೆಕ್ಕು ಮೂರನೇ ಮನೆಯ ಮೆಟ್ಟಿಲ ಕೆಳಗೆ ಸಿಕ್ಕಿತು. ಎಂಟು ದಿನ ಅಲ್ಲೇ ಇತ್ತು.

ಚುಕ್ಕಿಯ ಸುದ್ದಿ ಬಂದದ್ದೂ ಎಂಟನೇ ದಿನವೇ. ರೈಲು ಹಳಿಯ ಆಚೆ ಮುಚ್ಚಿಹೋದ ಒಂದು ಸಸಿ ನರ್ಸರಿ ಇದೆ. ಬೇಲಿಯೊಳಗೆ ಪೊದೆ, ಒಂದು ನೀರಿನ ತೊಟ್ಟಿ. ಬೆಳಗಿನ ಜಾವ ಅಲ್ಲಿ ಒಂದು ಕಂದು ನಾಯಿ ಕಂಡೆ ಎಂದು ಹಾಲು ಹಾಕುವವರು ಫೋನ್ ಮಾಡಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಿದ್ದೆ. ಅಕ್ಕ ತಡೆದರು. ಗುಂಪಿನ ಒಬ್ಬ ಹುಡುಗ ಮಾತ್ರ ಹೋಗಿ, ಪೊದೆಯ ಹತ್ತಿರ ಚಲನೆಗೆ ತಾನಾಗಿಯೇ ಫೋಟೋ ತೆಗೆಯುವ ಕ್ಯಾಮೆರಾ ಕಟ್ಟಿ, ಎದುರಿಗೆ ಸ್ವಲ್ಪ ಬೇಯಿಸಿದ ಕೋಳಿ ಮತ್ತು ನೀರು ಇಟ್ಟು ಬಂದ. ಪಕ್ಕದಲ್ಲಿ ನಾನು ಮೂರು ದಿನ ಹಾಕಿದ್ದ ಒಗೆಯದ ಅಂಗಿ. ಮರುದಿನ ಬೆಳಗ್ಗೆ ಕಾರ್ಡ್ ತೆಗೆದು ನೋಡಿದೆವು. ರಾತ್ರಿ 3 ಗಂಟೆ 10 ನಿಮಿಷ. ಕಪ್ಪುಬಿಳುಪು ಚಿತ್ರ. ಬಡಕಲಾಗಿ, ಬಾಲ ಹೊಟ್ಟೆಗೆ ಒತ್ತಿಕೊಂಡು, ಅಂಗಿಯ ಮೇಲೆ ಮೂಗಿಟ್ಟು ನಿಂತಿದ್ದಾಳೆ. ಅಪ್ಪ ಆ ಫೋಟೋವನ್ನು ಎಷ್ಟು ಹೊತ್ತು ನೋಡಿದರೋ.

ಇಲ್ಲಿಂದ ಮುಂದೆ ತಾಳ್ಮೆಯದೇ ಕೆಲಸ: ಅಲ್ಲೇ ಪಂಜರ ಇಟ್ಟು, ಅವಳಾಗಿಯೇ ಒಳಗೆ ಬರುವವರೆಗೆ ಕಾಯುವುದು. ಅಡ್ಡಿಯೂ ಬಂತು. ಜಾಗದ ಮಾಲೀಕರು ಒಳಗೆ ಏನನ್ನೂ ಇಡಬೇಡಿ ಎಂದರು. ಬಲೆ, ಉರುಲು ಹಾಕುತ್ತಾರೆ ಎಂದು ಅವರು ಹೆದರಿದ್ದರು. ಅಕ್ಕ ಜಗಳಕ್ಕೆ ಹೋಗಲಿಲ್ಲ. ಏನು ಇಡುತ್ತೇವೆ, ಎಷ್ಟು ದಿನ, ಯಾರು ಕಾಯುತ್ತಾರೆ, ಹಾನಿಯಾದರೆ ಯಾರ ಹೊಣೆ ಎಂದು ಒಂದು ಪುಟದಲ್ಲಿ ಬರೆದು, ನನ್ನ ಸಹಿ ಹಾಕಿಸಿ, ಜೊತೆಗೆ ಆ ಫೋಟೋ ಇಟ್ಟು ಕೊಟ್ಟರು. ಫೋಟೋ ನೋಡಿ ಅವರು ಒಪ್ಪಿದರು. ಗೇಟಿನ ಕೀಲಿಯನ್ನೂ ಕೊಟ್ಟರು. ಬೇರೆಯವರ ಜಾಗಕ್ಕೆ ಕೇಳದೇ ನುಗ್ಗಬೇಡಿ. ಅಪ್ಪಣೆಯನ್ನು ಬರಹದಲ್ಲೇ ಪಡೆಯಿರಿ.

ಪಂಜರ ಎಂದರೆ ಮುಳ್ಳಿನದೋ ಉರುಲಿನದೋ ಅಲ್ಲ. ಉದ್ದನೆಯ ತಂತಿಯ ಪೆಟ್ಟಿಗೆ. ತೀರಾ ಒಳಗೆ ಒಂದು ತಟ್ಟೆಹಲಗೆ ಇರುತ್ತದೆ, ಅದರ ಮೇಲೆ ಕಾಲಿಟ್ಟರೆ ಬಾಗಿಲು ಬೀಳುತ್ತದೆ. ಮೊದಲ ಮೂರು ರಾತ್ರಿ ಬಾಗಿಲನ್ನು ಬೀಳದಂತೆ ಕಟ್ಟಿಹಾಕಿದ್ದೆವು. ಊಟವನ್ನು ದಿನಾ ಒಂದಿಷ್ಟು ಒಳಗೆ ಸರಿಸುತ್ತಾ ಹೋದೆವು. ಜಾಸ್ತಿ ಇಡಬಾರದು. ಹೊಟ್ಟೆ ತುಂಬಿದರೆ ಒಳಗೆ ಬರುವುದಿಲ್ಲ. ಊಟ ಇಡಲು ದಿನಾ ಒಬ್ಬರೇ, ಒಂದೇ ಹೊತ್ತಿಗೆ ಹೋಗಬೇಕು. ನಾನು ಹೋಗಬಹುದು ಎಂದಾಗ ಸಂತೋಷವಾಯಿತು. ಆದರೆ ಮಾತಾಡುವ ಹಾಗಿಲ್ಲ, ನಿಂತು ಹುಡುಕುವ ಹಾಗಿಲ್ಲ. ಎಲ್ಲೋ ಇಪ್ಪತ್ತು ಹೆಜ್ಜೆ ದೂರದ ಪೊದೆಯಲ್ಲಿ ಅವಳಿದ್ದಾಳೆ ಎಂದು ಗೊತ್ತಿದ್ದೂ ಬೆನ್ನು ತಿರುಗಿಸಿ ಬರುವುದು. ಇಡೀ ಹುಡುಕಾಟದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

ಹನ್ನೆರಡನೇ ರಾತ್ರಿ ಬಾಗಿಲು ಬಿಚ್ಚಿದೆವು. ಸಜ್ಜಾದ ಪಂಜರವನ್ನು ಬಿಟ್ಟು ಹೋಗುವಂತಿಲ್ಲ, ಯಾರಾದರೂ ಹತ್ತಿರದಲ್ಲಿ ಕಾಯಲೇಬೇಕು. ಸಿಕ್ಕಿಬಿದ್ದ ಪ್ರಾಣಿ ಬಿಸಿಲಿಗೋ ಮಳೆಗೋ ಗಂಟೆಗಟ್ಟಲೆ ಒದ್ದಾಡಬಾರದು. ಅವತ್ತು ಬಿದ್ದದ್ದು ಒಂದು ಬೀದಿಬೆಕ್ಕು. ಬಿಟ್ಟೆವು. ಹದಿಮೂರನೇ ರಾತ್ರಿ ಮತ್ತೆ ಕೂತೆವು, ನಾನು, ಆ ಹುಡುಗ, ಅಕ್ಕ, ದೂರದ ಕಾರಿನಲ್ಲಿ ದೀಪ ಆರಿಸಿಕೊಂಡು. ಮಾತಿಲ್ಲ. ಬೆಳಗಿನ ಜಾವ 4 ಗಂಟೆ 40ಕ್ಕೆ ಟಪ್ ಎಂದು ಬಾಗಿಲು ಬಿತ್ತು.

ಓಡಿಹೋಗಿ ತಬ್ಬಿಕೊಳ್ಳುವ ಚಿತ್ರ ನಿಮ್ಮ ಮನಸ್ಸಿನಲ್ಲಿದ್ದರೆ ದಯವಿಟ್ಟು ಬಿಡಿ. ಅವಳು ನನ್ನನ್ನು ಗುರುತಿಸಲಿಲ್ಲ. ಹಲ್ಲು ಕಿರಿದಳು. ಹುಡುಗ ಪಂಜರದ ಮೇಲೆ ದಪ್ಪ ಬಟ್ಟೆ ಹೊದಿಸಿದ. ಕತ್ತಲಾದರೆ ಸಮಾಧಾನ ಆಗುತ್ತದೆ. ಪಂಜರವನ್ನು ಅಲ್ಲೇ ಬಯಲಿನಲ್ಲಿ ತೆರೆಯಲೇಬಾರದು. ಮನೆಗೆ ತಂದು, ಕೋಣೆಯ ಬಾಗಿಲು, ಕಿಟಕಿ ಮುಚ್ಚಿದ ಮೇಲೆಯೇ ತೆರೆದದ್ದು. ಒಂದು ಕ್ಷಣದ ಸಂತೋಷಕ್ಕೆ ಅಲ್ಲೇ ತೆರೆದು ಮತ್ತೆ ಕಳೆದುಕೊಂಡವರನ್ನು ಅಕ್ಕ ಕಂಡಿದ್ದಾರೆ.

ಕೋಣೆಯಲ್ಲಿ ಅಪ್ಪ ನೆಲದ ಮೇಲೆ, ಅವಳಿಗೆ ಮಗ್ಗುಲಾಗಿ, ಕಣ್ಣು ಕೊಡದೆ ಕೂತಿದ್ದರು. ಅಕ್ಕ ಹಾಗೆಯೇ ಹೇಳಿಕೊಟ್ಟಿದ್ದರು. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅವಳು ತೆವಳಿಕೊಂಡು ಬಂದು ಅಪ್ಪನ ಪಾದ ಮೂಸಿದಳು. ಮತ್ತೆ ಮೂಸಿದಳು. ಇದ್ದಕ್ಕಿದ್ದಂತೆ ಮೈಯೆಲ್ಲ ನಡುಗಿ, ಸಣ್ಣಗೆ ಕುಂಯ್‌ಗುಟ್ಟುತ್ತಾ ಅವರ ಮಡಿಲಿಗೆ ತಲೆ ತೂರಿಸಿದಳು. ಅಪ್ಪ ಅಳುತ್ತಿದ್ದರು. ನಾನೂ.

ಅವತ್ತೇ ವೈದ್ಯರಿಗೆ ತೋರಿಸಿದೆವು. ತೂಕ ತುಂಬಾ ಇಳಿದಿತ್ತು, ಮೈತುಂಬಾ ಉಣ್ಣಿಹುಳು, ಒಂದು ಪಾದದ ಮೆತ್ತೆ ಸೀಳಿತ್ತು. ಹಸಿದಿದ್ದಾಳೆ ಎಂದು ಒಮ್ಮೆಲೇ ಹೊಟ್ಟೆ ತುಂಬಾ ಹಾಕಬೇಡಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ ಎಂದರು. ಈಗ ಹೊರಗೆ ಹೋಗುವಾಗ ಎದೆಪಟ್ಟಿ ಒಂದು, ಕೊರಳಪಟ್ಟಿ ಒಂದು, ಎರಡಕ್ಕೂ ಬೇರೆ ಬೇರೆ ಹಗ್ಗ.

ಖರ್ಚಿನ ವಿಷಯ ಕೇಳುವವರಿಗೆ: ಜಾಸ್ತಿ ಆದದ್ದು ವೈದ್ಯರಿಗೆ. ಆಮೇಲೆ ರಟ್ಟು ಮತ್ತು ಫೋಟೋ ಪ್ರಿಂಟ್, ಪೆಟ್ರೋಲ್, ಕ್ಯಾಮೆರಾದ ಬ್ಯಾಟರಿ. ಪಂಜರಕ್ಕೆ ಠೇವಣಿ ಇಟ್ಟಿದ್ದೆ, ಅದು ವಾಪಸ್ ಬಂತು. ಗುಂಪಿನವರು ತಮಗೆಂದು ಏನೂ ಮುಟ್ಟಲಿಲ್ಲ. ನಾನು ಬಲವಂತ ಮಾಡಿದಾಗ, ಕ್ಯಾಮೆರಾಕ್ಕೆ ಹೊಸ ಬ್ಯಾಟರಿ ಹಾಕಿಕೊಡಿ, ಬೇರೆಯವರಿಗೆ ಬೇಕಾಗುತ್ತದೆ ಎಂದರು. ಚಿಪ್ ದಾಖಲೆ ನನ್ನ ಹೆಸರಿಗೆ ಬದಲಾದ ಸಂದೇಶ ಬಂದದ್ದು ಚುಕ್ಕಿ ಸಿಕ್ಕ ಮರುದಿನ.

ಅಕ್ಕ ಹೇಳಿದ ಕೊನೆಯ ಕೆಲಸ ಪೋಸ್ಟರ್ ಇಳಿಸುವುದು. ಸಿಕ್ಕ ಮೇಲೂ ಅವು ಹಾಗೇ ಇದ್ದರೆ, ಮುಂದೆ ಕಳೆದುಕೊಂಡವರ ಪೋಸ್ಟರನ್ನು ಜನ ನೋಡುವುದಿಲ್ಲ. ನಾನೂ ಅಪ್ಪನೂ ಎರಡು ಸಂಜೆ ತಿರುಗಿ ಇಪ್ಪತ್ತೇಳನ್ನು ಇಳಿಸಿದೆವು. ಒಂದು ಎಲ್ಲೋ ಉಳಿದುಬಿಟ್ಟಿತ್ತು. ಮೊನ್ನೆ ಒಬ್ಬ ಅಜ್ಜಿ ಫೋನ್ ಮಾಡಿದರು. ರಸ್ತೆಯ ತುದಿಯ ಮನೆಯವರು. ಪೋಸ್ಟರ್ ನೋಡಿದ ದಿನದಿಂದ ಪ್ರತಿ ರಾತ್ರಿ ಗೇಟಿನ ಹೊರಗೆ ಒಂದು ಬಟ್ಟಲು ನೀರು ಇಡುತ್ತಿದ್ದರಂತೆ.

"ಸಿಕ್ತೇನಮ್ಮಾ?" ಎಂದು ಕೇಳಿದರು.

ಸಿಕ್ಕಿದಳು ಅಜ್ಜಿ ಎಂದೆ.